ನುಸಿಯ ವಸ್ತ್ರಪರೀಕ್ಷೆ

ಮನುಷ್ಯನ ಬಟ್ಟೆಗಳನ್ನು ಹತ್ತಿ, ರೇಷ್ಮೆ, ಉಣ್ಣೆ ಎಂದು ನೂಲಿನ ಆಧಾರದ ಮೇಲೆ ವಿಂಗಡಿಸುವುದು ಜವಳಿಶಾಸ್ತ್ರದ ಪದ್ಧತಿಯಾದರೂ, ಗೃಹಸ್ಥರ ಮನೆಗಳಲ್ಲಿ ನಿಜವಾಗಿ ಚಾಲ್ತಿಯಲ್ಲಿರುವುದು ಉಡುವ ಬಟ್ಟೆ, ಇಡುವ ಬಟ್ಟೆ ಎಂಬ ವಿಂಗಡಣೆ. ಉಡುವ ಬಟ್ಟೆಯ ಜೀವನಚರಿತ್ರೆ ಸರಳವಾದದ್ದು. ಅದು ಮಾಸುತ್ತದೆ, ಒಗೆಸಿಕೊಳ್ಳುತ್ತದೆ, ಬಣ್ಣಗೆಡುತ್ತದೆ, ಮೊದಲು ಮನೆಯೊಳಗೆ ಮಾತ್ರ ತೊಡುವಂಥದಾಗಿ, ಅನಂತರ ನೆಲ ಒರೆಸುವಂಥದಾಗಿ, ಕಟ್ಟಕಡೆಗೆ ಸ್ಕೂಟರಿನ ಸೀಟಿನಡಿಯಲ್ಲಿ ಗ್ರೀಸಿನ ಸಹವಾಸ ಮಾಡಿ ಮೋಕ್ಷ ಪಡೆಯುತ್ತದೆ. ಇಡುವ ಬಟ್ಟೆಗೆ ಇಂಥ ಸದ್ಗತಿಯಿಲ್ಲ. ತೀರ ಒಳ್ಳೆಯದಾದ್ದರಿಂದ ಅದನ್ನು ಉಡುವಂತಿಲ್ಲ, ತೀರ ದುಬಾರಿಯಾದ್ದರಿಂದ ಯಾರಿಗೂ ಕೊಡುವಂತಿಲ್ಲ, ಯಾರೋ ಹಿರಿಯರು ಪ್ರೀತಿಯಿಂದ ಕೊಟ್ಟದ್ದಾದ್ದರಿಂದ ಮರೆಯುವಂತೆಯೂ ಇಲ್ಲ. ಹೀಗಾಗಿ ಅದು ಬೀರುವಿನ ಮೇಲಂಕಣದಲ್ಲೋ ಅಟ್ಟದ ಮೇಲಿನ ಟ್ರಂಕಿನಲ್ಲೋ ಮಡಿಕೆಯೊಳಗೆ ಮಡಿಕೆಯಾಗಿ ಕುಳಿತು, ಒಡೆಯರಿಗೆ ವರ್ಷಕ್ಕೊಮ್ಮೆ ದರ್ಶನ ಕೊಡುತ್ತದೆ. ಬಟ್ಟೆ ತಿನ್ನುವ ಕೀಟಗಳ ಅಧ್ಯಯನವೆಂದರೆ ಬಹುಪಾಲು ಈ ಎರಡನೆಯ ವರ್ಗದ ಅಧ್ಯಯನವೇ ಸರಿ; ಏಕೆಂದರೆ ದಿನವೂ ಮೈಮೇಲೆ ಊರು ಸುತ್ತುವ ಬಟ್ಟೆಯಲ್ಲಿ ಯಾವ ಹುಳುವೂ ಸಂಸಾರ ಹೂಡುವ ಧೈರ್ಯ ಮಾಡುವುದಿಲ್ಲ.

ಇಂಥ ಜೀವಿಗಳಿಗೆಲ್ಲ ಕನ್ನಡವು ಒಟ್ಟಾಗಿ ‘ನುಸಿ’ ಎಂಬ ಒಂದೇ ಹೆಸರಿಟ್ಟು ಕೈತೊಳೆದುಕೊಂಡಿದೆ. ಸಂಜೆಯ ಹೊತ್ತು ಮುಖದ ಸುತ್ತ ಮುತ್ತುವುದೂ ನುಸಿ, ಹಳೆಯ ಧಾನ್ಯದಲ್ಲಿ ಮಿಸುಕುವುದೂ ನುಸಿ, ತೆಂಗಿನ ಎಳೆಗಾಯಿಯ ತೊಟ್ಟಿನಡಿ ಸೇರಿ ರಸ ಹೀರುವ, ಶಾಸ್ತ್ರಪ್ರಕಾರ ಕೀಟವೇ ಅಲ್ಲದೆ ಜೇಡನ ಬಳಗಕ್ಕೆ ಸೇರಿದ ಸೂಕ್ಷ್ಮಜೀವಿಯೂ ರೈತರ ಬಾಯಲ್ಲಿ ನುಸಿಯೇ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದಾಗಿದ್ದು, ಕಾಣಿಸಿಕೊಳ್ಳುವ ಹೊತ್ತಿಗೆ ತನ್ನ ಕೆಲಸ ಮುಗಿಸಿರುವುದು ಎಂಬುದೇ ಈ ಪದದ ಲಕ್ಷಣವೆಂದು ತೋರುತ್ತದೆ. ಆದರೆ ಬಟ್ಟೆಯ ಮಟ್ಟಿಗೆ ಈ ಒಂದು ಹೆಸರಿನ ಹಿಂದೆ ಕನಿಷ್ಠ ಮೂರು ಬೇರೆಬೇರೆ ಮನೆತನಗಳು ಅಡಗಿವೆ: ಒಂದು ಪತಂಗದ್ದು, ಇನ್ನೊಂದು ದುಂಬಿಯದ್ದು, ಮತ್ತೊಂದು ರೆಕ್ಕೆಯೇ ಇಲ್ಲದ ಬೆಳ್ಳಿಹುಳುವಿನದ್ದು. ಇವುಗಳ ಊಟ ಬೇರೆ, ಕಚ್ಚುವ ಕ್ರಮ ಬೇರೆ, ಬಿಟ್ಟುಹೋಗುವ ಗುರುತು ಬೇರೆ. ಆದ್ದರಿಂದ ಯಾವುದು ಬಂದಿದೆಯೆಂದು ನೋಡದೆ ಬೀರುವಿಗೆ ನಾಲ್ಕು ಬಿಳಿ ಗುಳಿಗೆ ಎಸೆದು ಬಾಗಿಲು ಹಾಕುವುದು, ನಾಡಿ ಹಿಡಿಯದೆಯೇ ಎಲ್ಲರಿಗೂ ಶುಂಠಿ ಕಷಾಯ ಕುಡಿಸುವ ವೈದ್ಯಕ್ಕೆ ಸಮಾನವಾದದ್ದು.

ಮೊದಲನೆಯದಾದ ಬಟ್ಟೆಪತಂಗವು ಒಣಹುಲ್ಲಿನ ಬಣ್ಣದ, ರೆಕ್ಕೆ ಅಗಲಿಸಿದರೂ ಸುಮಾರು ಒಂದೂವರೆ ಸೆಂಟಿಮೀಟರ್ ದಾಟದ ಬಡಕಲು ಜೀವಿ. ಇದರ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದೆಂದರೆ, ಹಾರುವ ಪತಂಗವು ಬಟ್ಟೆಯನ್ನೂ ತಿನ್ನುವುದಿಲ್ಲ, ಬೇರೇನನ್ನೂ ತಿನ್ನುವುದಿಲ್ಲ. ಪ್ರಾಯಕ್ಕೆ ಬಂದ ಪತಂಗಕ್ಕೆ ಉಣ್ಣಲು ಬರುವ ಬಾಯಿಯೇ ಇಲ್ಲದ್ದರಿಂದ ಅದು ತನ್ನ ಕೆಲವೇ ವಾರಗಳ ಪ್ರೌಢಜೀವನವನ್ನು ಅಖಂಡ ಏಕಾದಶಿಯಾಗಿ ಕಳೆಯುತ್ತದೆ, ತಿನ್ನುವ ಕಾರ್ಯವನ್ನೆಲ್ಲ ಮರಿಹುಳುವಾಗಿದ್ದ ಕಾಲದಲ್ಲೇ ತೀರಿಸಿಕೊಂಡಿರುತ್ತದೆ. ಎರಡನೆಯದಾಗಿ, ಅದಕ್ಕೆ ಬೆಳಕೆಂದರೆ ಆಗದು. ರಾತ್ರಿ ಟ್ಯೂಬ್‌ಲೈಟಿನ ಸುತ್ತ ಗಿರಕಿ ಹೊಡೆಯುವ ಪತಂಗವನ್ನು ಟವೆಲ್ ಬೀಸಿ ಕೆಡವಿ, ಹೆಂಡತಿಯ ಸೀರೆಗಳನ್ನು ಕಾಪಾಡಿದ ಹೆಮ್ಮೆಯಿಂದ ಉಸಿರು ಬಿಡುವ ಯಜಮಾನನು ಹೊಡೆದಿರುವುದು ನಿರಪರಾಧಿಯನ್ನು. ಅದು ಅಡುಗೆಮನೆಯ ಅಕ್ಕಿ ರವೆಗಳಲ್ಲಿ ಬಲೆ ಕಟ್ಟಿ ಬೆಳೆದ ಧಾನ್ಯಪತಂಗವೋ ಕಿಟಕಿಯಿಂದ ಒಳಬಂದ ದಾರಿಹೋಕವೋ ಆಗಿರುವ ಸಂಭವವೇ ಹೆಚ್ಚು. ಬೀರು ತೆರೆದಾಗ ಪುರ್ರೆಂದು ಹಾರುವ ನಿಜವಾದ ಬಟ್ಟೆಪತಂಗವನ್ನೇ ಹೊಡೆದರೂ ಲಾಭ ಅಷ್ಟಕ್ಕಷ್ಟೆ, ಏಕೆಂದರೆ ಹಾಗೆ ಹಾರಾಡುವವು ಬಹುಮಟ್ಟಿಗೆ ಗಂಡುಗಳು. ಮೊಟ್ಟೆಗಳ ಭಾರ ಹೊತ್ತ ಹೆಣ್ಣು ಹಾರುವ ಗೋಜಿಗೆ ಹೋಗದೆ ಮಡಿಕೆಗಳ ಒಳಕ್ಕೆ ಓಡಿ, ನಲವತ್ತು ಐವತ್ತು ಮೊಟ್ಟೆಗಳನ್ನು ನೂಲಿನ ಸಂದುಗಳಲ್ಲಿ ಉದುರಿಸಿ, ತನ್ನ ಲೆಕ್ಕ ಚುಕ್ತಾ ಮಾಡಿಕೊಂಡಿರುತ್ತದೆ. ಬೆಚ್ಚಗಿರುವ ಮನೆಯಲ್ಲಿ ಆ ಮೊಟ್ಟೆಗಳು 4ರಿಂದ 10 ದಿನಗಳಲ್ಲಿ ಒಡೆಯುತ್ತವೆ. ಮರಿಗಳು ಊಟ ಸಮೃದ್ಧವಾಗಿದ್ದರೆ ಒಂದೆರಡು ತಿಂಗಳಲ್ಲಿ, ಅರೆಹೊಟ್ಟೆಯಾದರೆ ಎರಡು ವರ್ಷದವರೆಗೂ ಕಾದು ಬೆಳೆಯುತ್ತವೆ.

ಈ ಮರಿಯ ಆಹಾರಪದ್ಧತಿಯಲ್ಲಿ ಒಂದು ವೈಶಿಷ್ಟ್ಯವಿದೆ. ಉಣ್ಣೆ, ಕೂದಲು, ಗರಿ, ಕೊಂಬು ಮೊದಲಾದವು ಕೆರಾಟಿನ್ ಎಂಬ ಗಡಸು ಪ್ರೋಟೀನಿನಿಂದ ಆದವು. ಆ ಪ್ರೋಟೀನಿನ ಎಳೆಗಳನ್ನು ಗಂಧಕದ ಕೊಂಡಿಗಳು ಬಿಗಿಯಾಗಿ ಬೆಸೆದಿರುವುದರಿಂದ ಹೆಚ್ಚಿನ ಪ್ರಾಣಿಗಳ ಹೊಟ್ಟೆಯಲ್ಲಿ ಅದು ಕರಗುವುದಿಲ್ಲ, ಮತ್ತು ಸಾರಿನಲ್ಲಿ ಒಂದು ಕೂದಲು ಸಿಕ್ಕಾಗ ಗಂಡಸರು ಎಬ್ಬಿಸುವ ರಂಪಕ್ಕೆ ಇರಬಹುದಾದ ಏಕೈಕ ಶಾಸ್ತ್ರಾಧಾರವೂ ಇದೇ. ಬಟ್ಟೆಪತಂಗದ ಮರಿಯ ಕರುಳಿನಲ್ಲಾದರೋ ಕ್ಷಾರಗುಣದ ರಸವೊಂದು ಈ ಕೊಂಡಿಗಳನ್ನು ಕಳಚಿಹಾಕುವುದರಿಂದ, ಇತರರಿಗೆ ಅಜೀರ್ಣವಾದದ್ದೇ ಅದಕ್ಕೆ ಮೃಷ್ಟಾನ್ನವಾಗುತ್ತದೆ. ಹತ್ತಿ, ಪಾಲಿಯೆಸ್ಟರ್, ಅಕ್ರಿಲಿಕ್‌ಗಳನ್ನು ಅದು ಆಹಾರವೆಂದು ಗಣಿಸುವುದಿಲ್ಲ. ಅವುಗಳಲ್ಲಿ ಉಣ್ಣೆ ಬೆರೆತಿದ್ದರೆ ಅಥವಾ ಎಣ್ಣೆ, ಬೆವರು, ಸಾರು ಅಂಟಿದ್ದರೆ ಮಾತ್ರ ಬಾಯಿ ಹಾಕುತ್ತದೆ. ಈ ವಿವೇಚನೆಯಿಂದಾಗಿ ನುಸಿಯು ಕರ್ನಾಟಕದ ಸಾಂಸ್ಕೃತಿಕ ಜೀವನದ ನಿಷ್ಠುರ ವಿಮರ್ಶಕನ ಸ್ಥಾನ ಪಡೆದಿದೆಯೆಂದು ಹೇಳಬಹುದು. ಶಾಲು, ಹಾರ, ಹಣ್ಣಿನ ಬುಟ್ಟಿಗಳಿಲ್ಲದೆ ಸಭೆಯೇ ಮುಗಿಯದ ಈ ನಾಡಿನಲ್ಲಿ ನಿವೃತ್ತರಾದ ಯಾವುದೇ ಗಣ್ಯರ ಬೀರುವಿನಲ್ಲಿ ಸನ್ಮಾನದ ಶಾಲುಗಳು ಗೋಪುರದಂತೆ ಪೇರಿಸಿರುತ್ತವೆ. ಇಪ್ಪತ್ತು ವರ್ಷವಾದರೂ ಅವುಗಳಲ್ಲಿ ಒಂದಕ್ಕೂ ಒಂದು ಸೂಜಿಮೊನೆಯಷ್ಟು ತೂತು ಬಿದ್ದಿರುವುದಿಲ್ಲ. ಸನ್ಮಾನಿತರು ಇದನ್ನು ತಮ್ಮ ಮನೆಯವರ ಅಚ್ಚುಕಟ್ಟುತನವೆಂದು ಭಾವಿಸುತ್ತಾರೆ. ಒಮ್ಮೆ ಅಕಸ್ಮಾತ್ತಾಗಿ ಯಾವುದೋ ಒಂದು ಶಾಲಿಗೆ ನುಸಿ ಹಿಡಿಯಿತೆಂದರೆ, ಅದನ್ನು ಹೊದಿಸಿದ ಸಂಘದವರು ಮಾತ್ರ ನಿಜವಾಗಿ ದುಡ್ಡು ಬಿಚ್ಚಿದ್ದರು ಎಂದು ಅರ್ಥ.

ಬಟ್ಟೆಪತಂಗಗಳಲ್ಲೇ ಒಂದು ಜಾತಿ ತಾನು ತಿಂದ ಬಟ್ಟೆಯಿಂದ ತನಗೊಂದು ಅಂಗಿಯನ್ನೂ ಹೊಲಿದುಕೊಳ್ಳುತ್ತದೆ. ಅದರ ಮರಿಯು ಉಣ್ಣೆಯ ಎಳೆಗಳನ್ನು ಕತ್ತರಿಸಿ, ತನ್ನ ಬಾಯಿಂದ ಬರುವ ರೇಷ್ಮೆಯಿಂದ ಹೆಣೆದು, ಎರಡು ಕಡೆ ಬಾಯಿ ಇರುವ ಕೊಳವೆಯಂಥ ಚೀಲವೊಂದನ್ನು ಮಾಡಿಕೊಂಡು, ಹೋದಲ್ಲೆಲ್ಲ ಅದನ್ನು ಎಳೆದುಕೊಂಡು ಹೋಗುತ್ತದೆ. 18ನೆಯ ಶತಮಾನದಲ್ಲಿ ಫ್ರಾನ್ಸಿನ ನಿಸರ್ಗಶಾಸ್ತ್ರಜ್ಞ ರೆಯೋಮ್ಯೂರ್ ಈ ಮರಿಗಳನ್ನು ಒಂದು ಬಣ್ಣದ ಉಣ್ಣೆಯಿಂದ ಇನ್ನೊಂದು ಬಣ್ಣದ ಉಣ್ಣೆಗೆ ವರ್ಗಾಯಿಸಿ, ಚೀಲಕ್ಕೆ ಸೇರುವ ಹೊಸ ಭಾಗ ಹೊಸ ಬಣ್ಣದ್ದೇ ಆಗಿರುವುದನ್ನು ಗಮನಿಸಿದನು. ಮೈ ಬೆಳೆದಂತೆ ಮರಿಯು ಚೀಲದ ಪಕ್ಕವನ್ನು ಸೀಳಿ ನಡುವೆ ಹೊಸ ಪಟ್ಟಿಯನ್ನು ಸೇರಿಸುವುದನ್ನೂ ಅವನು ವಿವರಿಸಿದ್ದಾನೆ. ಮದುವೆಯಾಗಿ ಎರಡು ವರ್ಷಕ್ಕೆ ಬಿಗಿಯಾದ ರವಿಕೆಯ ಒಳಹೊಲಿಗೆ ಬಿಚ್ಚಿ ಅಗಲ ಮಾಡಿಕೊಡುವ ದರ್ಜಿಯ ವಿದ್ಯೆ ಇದೇ ಆದರೂ, ದರ್ಜಿಯು ಬಟ್ಟೆಯನ್ನು ತಿನ್ನುವುದಿಲ್ಲವೆಂಬ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ದಕ್ಷಿಣ ಭಾರತದ ಮನೆಗಳ ಗೋಡೆಯ ಮೇಲೆ, ವಿಶೇಷವಾಗಿ ಬಚ್ಚಲುಮನೆಯ ಬಾಗಿಲ ಹಿಂದೆ, ಸೌತೆಬೀಜದ ಆಕಾರದ ಚಪ್ಪಟೆಯಾದ ಬೂದು ವಸ್ತುವೊಂದು ಅಂಟಿಕೊಂಡಿದ್ದು, ನೋಡುತ್ತಿದ್ದಂತೆ ಅಂಗುಲ ಅಂಗುಲವಾಗಿ ಮೇಲಕ್ಕೆ ಹತ್ತುವುದುಂಟು. ಅದೂ ಇದೇ ವಂಶದ ಇನ್ನೊಂದು ಪತಂಗದ ಮರಿ. ಸುಣ್ಣದ ಪುಡಿ, ಮರಳಿನ ಕಣ, ದಾರದ ಚೂರುಗಳಿಂದ ಕಟ್ಟಿದ ತನ್ನ ಚೀಲದೊಳಗೇ ತಿರುಗಿಕೊಂಡು, ಈ ತುದಿಯಿಂದ ಬೆನ್ನಟ್ಟಿದರೆ ಆ ತುದಿಯಿಂದ ತಲೆ ಹಾಕುತ್ತದೆ. ಜೇಡರ ಬಲೆ, ಉದುರಿದ ಕೂದಲು ಅದರ ನಿತ್ಯದ ಊಟ, ಉಣ್ಣೆ ಹಬ್ಬದ ಊಟ. ಆದ್ದರಿಂದ ಗೋಡೆಯ ಮೇಲೆ ಈ ಬೀಜಗಳು ಹೆಚ್ಚಾದರೆ ಅದನ್ನು ಧೂಳು ಹೊಡೆದು ಬಹಳ ದಿನವಾಯಿತೆಂಬ ನೋಟೀಸೆಂದು ಓದಿಕೊಳ್ಳತಕ್ಕದ್ದು.

ಎರಡನೆಯ ಮನೆತನವಾದ ದುಂಬಿಯ ವಿಷಯಕ್ಕೆ ಬಂದಾಗ ಕನ್ನಡದ ಒಂದು ಪದ ಚರ್ಚೆಗೆ ಒಳಗಾಗಬೇಕಾಗುತ್ತದೆ. ಮೈತುಂಬ ರೋಮವಿರುವ, ನುಗ್ಗೆಮರದ ಕಾಂಡದ ಮೇಲೆ ದಂಡುದಂಡಾಗಿ ಕೂತು ಮುಟ್ಟಿದವರಿಗೆ ತುರಿಕೆ ಹಂಚುವ ಹುಳುವಿಗೆ ಕನ್ನಡಿಗರು ‘ಕಂಬಳಿಹುಳು’ ಎಂದು ಕರೆಯುತ್ತಾರೆ. ಅದು ಕಂಬಳಿ ಹೊದ್ದಂತೆ ಕಾಣುತ್ತದೆಯೇ ಹೊರತು ಆಯುಷ್ಯದಲ್ಲಿ ಒಮ್ಮೆಯೂ ಕಂಬಳಿಯ ರುಚಿ ನೋಡಿರುವುದಿಲ್ಲ. ಆ ಬಿರುದಿಗೆ ರೂಪದಿಂದಲೂ ಕಾರ್ಯದಿಂದಲೂ ಪೂರ್ಣ ಅರ್ಹತೆಯುಳ್ಳದ್ದು ಎಳ್ಳುಕಾಳಿನ ಗಾತ್ರದ ಒಂದು ದುಂಬಿಯ ಮರಿ. ಐದಾರು ಮಿಲಿಮೀಟರ್ ಉದ್ದದ, ಕಂದುಬಣ್ಣದ, ಅಡ್ಡಪಟ್ಟೆಗಳ ಮೇಲೆ ಬಿರುಸಾದ ರೋಮಗಳ ಕುಚ್ಚು ಹೊತ್ತ ಈ ಮರಿ ಕಂಬಳಿಯನ್ನೂ ತಿನ್ನುತ್ತದೆ, ರತ್ನಗಂಬಳಿಯನ್ನೂ ತಿನ್ನುತ್ತದೆ, ಗುಬ್ಬಿಗೂಡಿನ ಗರಿ, ಕಿಟಕಿಯ ಸಂದಿನ ಸತ್ತ ನೊಣಗಳನ್ನೂ ಬಿಡುವುದಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಕೀಟತಜ್ಞರು ಗುಂಡುಸೂಜಿ ಚುಚ್ಚಿ ಹೆಸರು ಬರೆದಿಟ್ಟ ಕೀಟಗಳ ಸಂಗ್ರಹವನ್ನೇ ಒಳಗಿನಿಂದ ತಿಂದು ಬರೀ ಹೆಸರಿನ ಚೀಟಿಯನ್ನು ಉಳಿಸಿದ ಕೀರ್ತಿಯೂ ಇದರದ್ದೇ. ಕನ್ನಡ ಗೃಹಿಣಿಗೆ ಮುಖ್ಯವಾದ ಸಂಗತಿಯೆಂದರೆ, ಪತಂಗದ ಮರಿ ಉಣ್ಣೆಯನ್ನು ಬಯಸುವಷ್ಟು ರೇಷ್ಮೆಯನ್ನು ಬಯಸುವುದಿಲ್ಲ. ರೇಷ್ಮೆ ಸೀರೆಯ ತೂತಿಗೆ ಅನೇಕ ವೇಳೆ ಕಾರಣ ಈ ದುಂಬಿಯ ಮರಿ. ಇದರ ತಾಯಿಯೋ ಪರಮ ಸಾತ್ವಿಕ ಜೀವಿ. ಹೂವಿನ ಪರಾಗ, ಮಕರಂದಗಳೇ ಅದರ ಆಹಾರವಾದ್ದರಿಂದ ಬೆಳಕನ್ನು ಹುಡುಕಿ ಕಿಟಕಿಗೆ ಬರುತ್ತದೆ, ತೋಟದಿಂದ ಬಿಡಿಸಿ ತಂದ ಪೂಜೆಯ ಹೂವಿನ ಜೊತೆಗೆ ಒಳಗೂ ಬರಬಲ್ಲದು. ದೇವರಿಗೆ ಏರಿಸಿದ ಹೂವಿನಲ್ಲಿ ಬಂದು ಸೀರೆಗೆ ಇಳಿಯುವ ಈ ಅತಿಥಿಯ ಮೇಲೆ ಸಂದೇಹ ಪಡುವುದು ಭಕ್ತರಿಗೆ ಕಷ್ಟವೇ ಸರಿ.

ಮೂರನೆಯದಾದ ಬೆಳ್ಳಿಹುಳುವು, ಕೀಟಲೋಕದಲ್ಲಿ ರೆಕ್ಕೆಯೆಂಬ ಸೌಕರ್ಯ ಬರುವುದಕ್ಕೆ ಮುಂಚೆಯೇ ಕವಲೊಡೆದ ಪ್ರಾಚೀನ ವಂಶಕ್ಕೆ ಸೇರಿದ್ದು, ಬೆಳ್ಳಿಯ ಪುಡಿ ಬಳಿದಂತೆ ಹೊಳೆಯುವ ಮೈಯನ್ನೂ ಹಿಂದೆ ಮೂರು ಎಳೆ ಬಾಲವನ್ನೂ ಹೊಂದಿ, ಹಳೆಯ ಪುಸ್ತಕವೊಂದನ್ನು ತೆಗೆದಾಗ ಮೀನಿನಂತೆ ಜಾರಿ ಮರೆಯಾಗುವುದರಿಂದ ಓದುವವರಿಗೆಲ್ಲ ಪರಿಚಿತವಾಗಿದೆ. ಇದಕ್ಕೆ ಪಿಷ್ಟವೆಂದರೆ ಪ್ರಾಣ. ಪುಸ್ತಕದ ಬೆನ್ನಿನ ಅಂಟು, ಕಾಗದ, ರೇಯಾನ್, ಹತ್ತಿ ಯಾವುದಾದರೂ ಆದೀತು, ಆದರೆ ಹತ್ತಿಯ ಸೀರೆಗೆ ಗಟ್ಟಿಯಾಗಿ ಗಂಜಿ ಹಾಕಿ ಇಸ್ತ್ರಿ ಮಾಡಿ ತಿಂಗಳುಗಟ್ಟಲೆ ಇಟ್ಟರೆ ಅದು ಸೀರೆಯೆಂದೂ ನೋಡದೆ ಅನ್ನವೆಂದೇ ಬಗೆದು ಬಡಿಸಿಕೊಳ್ಳುತ್ತದೆ. ತೂತು ಕೊರೆಯುವ ಬದಲು ಮೇಲ್ಮೈಯನ್ನು ಕೆರೆದು ಕೆರೆದು ತೆಳ್ಳಗೆ ಮಾಡುವುದು ಇದರ ಶೈಲಿ. ತೇವ ಇದರ ಜೀವಾಳವಾದ್ದರಿಂದ ಮಲೆನಾಡಿನ ಮತ್ತು ಕರಾವಳಿಯ ಮಳೆಗಾಲ ಇದಕ್ಕೆ ಸುಗ್ಗಿ. ದಖ್ಖನಿನ ಕುರಿಯ ಉಣ್ಣೆಯಿಂದ ಕುರುಬರು ನೇಯುವ, ಹುಣಸೆಬೀಜದ ಗಂಜಿ ಕುಡಿಸಿ ಬಿರುಸು ಮಾಡಿದ ಕರಿಕಂಬಳಿಯಾದರೋ ಈ ದೃಷ್ಟಿಯಿಂದ ಪರಿಪೂರ್ಣ ಭೋಜನ. ಉಣ್ಣೆಯನ್ನು ಪತಂಗವೂ ದುಂಬಿಯೂ ಹಂಚಿಕೊಂಡರೆ ಗಂಜಿಯು ಬೆಳ್ಳಿಹುಳುವಿನ ಪಾಲಿಗೆ ಬರುತ್ತದೆ. ಆದರೂ ಕುರಿ ಕಾಯುವವನ ಹೆಗಲ ಮೇಲೆ ಬಿಸಿಲು ಮಳೆ ಎನ್ನದೆ ತಿರುಗುವ ಕಂಬಳಿಗೆ ನುಸಿಯ ಕಾಟವಿಲ್ಲ, ಅದನ್ನೇ ಪಟ್ಟಣದವರು ಕೊಂಡುತಂದು ಗೌರವದಿಂದ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿಟ್ಟರೆ ಮೂರೇ ವರ್ಷಕ್ಕೆ ಜರಡಿಯಾಗುತ್ತದೆ.

ಬಟ್ಟೆಯ ಪ್ರತಿಯೊಂದು ತೂತನ್ನೂ ಕೀಟಗಳ ತಲೆಗೆ ಕಟ್ಟುವುದು ಮಾತ್ರ ಅನ್ಯಾಯ. ಊದಿನಕಡ್ಡಿಯ ಕಿಡಿ ಬಿದ್ದ ತೂತಿನ ಅಂಚು ಕಂದಾಗಿರುತ್ತದೆ, ಪಾಲಿಯೆಸ್ಟರಾದರೆ ಕರಗಿ ಗಂಟುಗಟ್ಟಿರುತ್ತದೆ. ಕಾಲುಂಗುರ ಸಿಕ್ಕಿಕೊಂಡ ಜಾಗ ಸೀರೆಯ ಕೆಳಅಂಚಿನಲ್ಲಿ, ನೂಲು ಎಳೆದು ಸುಕ್ಕಾದ ಗುರುತಿನೊಂದಿಗೆ ಇರುತ್ತದೆ. ವರ್ಷಾನುಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ಜರಿಸೀರೆ ಯಾವ ಹುಳುವಿನ ನೆರವೂ ಇಲ್ಲದೆ ಮಡಿಕೆಯ ಗೆರೆಯುದ್ದಕ್ಕೂ ತಾನಾಗಿ ಸೀಳುತ್ತದೆ. ಜಿರಲೆ ಕಚ್ಚಿದರೆ ಅಂಚು ಒರಟೊರಟು, ಇಲಿ ಕಡಿದರೆ ಚಿಂದಿಯ ರಾಶಿ, ಗೆದ್ದಲು ಬಂದರೆ ಮಣ್ಣಿನ ಲೇಪ. ಪತಂಗದ ಮರಿ ಬಂದು ಹೋದ ಕಡೆ ರೇಷ್ಮೆಯ ತೆಳುಬಲೆ ಇಲ್ಲವೇ ಕೊಳವೆ ಉಳಿದು, ಅದರ ಸುತ್ತ ರವೆಯ ಕಾಳಿನಂಥ ಹಿಕ್ಕೆಗಳು ಚೆಲ್ಲಿರುತ್ತವೆ. ಆ ಹಿಕ್ಕೆ ಬಟ್ಟೆಯ ಬಣ್ಣದ್ದೇ ಆಗಿರುವುದರಿಂದ ನೀಲಿ ಸ್ವೆಟರ್ ಕೊಡವಿದಾಗ ನೀಲಿ ರವೆ ಉದುರುತ್ತದೆ. ದುಂಬಿಯ ಮರಿ ಬಲೆ ಕಟ್ಟುವುದಿಲ್ಲ. ಬೆಳೆದಂತೆಲ್ಲ ಬಿಚ್ಚಿ ಎಸೆದ ತನ್ನ ರೋಮಭರಿತ ಪೊರೆಗಳನ್ನು, ಗೋಧಿಯ ಹೊಟ್ಟಿನಂತೆ ಹಗುರವಾದವುಗಳನ್ನು, ಸಹಿ ಹಾಕಿದಂತೆ ಬಿಟ್ಟುಹೋಗುತ್ತದೆ.

ಈ ತತ್ತ್ವಗಳು ಪ್ರಯೋಗದಲ್ಲಿ ಹೇಗೆ ಕಾಣಿಸುತ್ತವೆ ಎಂಬುದಕ್ಕೆ ಪ್ರಸ್ತುತ ಲೇಖಕನ ಮನೆಯ ನೇರಳೆ ಬಣ್ಣದ ಮೈಸೂರು ರೇಷ್ಮೆ ಸೀರೆಯೊಂದನ್ನು ನಿದರ್ಶನವಾಗಿ ಎತ್ತಿಕೊಳ್ಳಬಹುದು. ಮದುವೆಯೊಂದರಲ್ಲಿ ಉಟ್ಟು, ಆಮೇಲೆ ಹನ್ನೊಂದು ವರ್ಷ ಇಟ್ಟು, ಗೃಹಪ್ರವೇಶಕ್ಕೆಂದು ಹೊರತೆಗೆದ ಆ ಸೀರೆಯನ್ನು ಬಿಚ್ಚಿದಾಗ ಸೆರಗಿನ ಹತ್ತಿರ ಸಾಸಿವೆಕಾಳಿನಷ್ಟು ತೂತೊಂದು ಕಂಡಿತು. ಇನ್ನೊಂದು ಮಡಿಕೆ ಬಿಚ್ಚಿದಾಗ ಅದೇ ಎತ್ತರದಲ್ಲಿ ಮತ್ತೊಂದು, ಇನ್ನೊಂದು ಬಿಚ್ಚಿದಾಗ ಮಗದೊಂದು, ಹೀಗೆ ಅಳತೆ ಹಿಡಿದು ಇಟ್ಟಂತೆ ಐದು ತೂತುಗಳು ಹೊರಬಂದವು. ಐದು ಹುಳುಗಳ ಸಂಚೆಂದು ಮನೆಯವರು ಗಾಬರಿಯಾದರೂ, ಮಡಿಕೆಯಾಗಿದ್ದ ಸೀರೆಯನ್ನು ಒಂದೇ ಹುಳು ಒಂದೇ ನೇರದಲ್ಲಿ ಕೊರೆದುಕೊಂಡು ಹೋದರೆ ಬಿಚ್ಚಿದಾಗ ಲೆಕ್ಕ ಐದಾಗುವುದು ಸಹಜ. ಸೆರಗಿನ ಒಳಮಡಿಕೆಯಲ್ಲಿ ಹೊಟ್ಟಿನಂಥ ರೋಮದ ಪೊರೆಗಳು ಮೂರು ಸಿಕ್ಕಿದ್ದರಿಂದ ಆಪಾದಿತನು ದುಂಬಿಯ ಮರಿಯೆಂದು ತೀರ್ಮಾನವಾಯಿತು. ಅಷ್ಟು ವಿಶಾಲವಾದ ಸೀರೆಯಲ್ಲಿ ಅದು ಆ ಒಂದು ಜಾಗವನ್ನೇ ಏಕೆ ಆರಿಸಿತೆಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಮನೆಯ ಹಿರಿಯ ಅತ್ತೆ. ಹನ್ನೊಂದು ವರ್ಷದ ಹಿಂದಿನ ಆ ಮದುವೆಯ ಪಂಕ್ತಿಯಲ್ಲಿ ಬಡಿಸುವವನ ಕೈತಪ್ಪಿ ಶಾವಿಗೆ ಪಾಯಸ ಬಿದ್ದದ್ದು ಅಲ್ಲೇ ಎಂದೂ, ಒದ್ದೆ ಕರವಸ್ತ್ರದಿಂದ ಒರೆಸಿ “ಕಾಣೋದಿಲ್ಲ ಬಿಡೇ” ಎಂದು ಸಮಾಧಾನ ಹೇಳಿದ್ದು ತಾವೇ ಎಂದೂ ಅವರು ಒಪ್ಪಿಕೊಂಡರು.

ಕೀಟಗಳ ಪೋಷಣೆಯ ಶಾಸ್ತ್ರವು ಅತ್ತೆಯವರ ಸಾಕ್ಷ್ಯವನ್ನು ಸಂಪೂರ್ಣವಾಗಿ ಸಮರ್ಥಿಸುತ್ತದೆ. ಚೊಕ್ಕಟವಾದ ಉಣ್ಣೆಯ ಅಥವಾ ರೇಷ್ಮೆಯ ಮೇಲೆ ಮಾತ್ರ ಬದುಕುವುದು ಈ ಮರಿಗಳಿಗೆ ಕಷ್ಟ; ಬೆಳೆಯಲು ಬೇಕಾದ ಲವಣಗಳೂ ಬಿ ಗುಂಪಿನ ಜೀವಸತ್ವಗಳೂ ಶುದ್ಧ ನೂಲಿನಲ್ಲಿ ಸಾಲದಾಗಿರುವುದರಿಂದ ಅವು ಬೆವರು, ಹಾಲು, ತುಪ್ಪ, ಸಾರುಗಳ ಕಲೆಯನ್ನು ಹುಡುಕಿಕೊಂಡು ಹೋಗುತ್ತವೆ. ಬರೀ ಬಟ್ಟೆ ಎಂದರೆ ಅವುಗಳಿಗೆ ಸಪ್ಪೆ ಅನ್ನ. ಕಲೆ ಅದರ ಮೇಲಿನ ಹುಳಿ, ತೊವ್ವೆ, ಉಪ್ಪಿನಕಾಯಿ. ‘ಕಾಣುವುದಿಲ್ಲ’ ಎಂಬುದು ಮನುಷ್ಯನ ಕಣ್ಣಿಗೆ ಸಂಬಂಧಿಸಿದ ಮಾತು. ಹುಳು ನೋಡಿ ತಿನ್ನುವ ಜೀವಿಯಾಗಿರದೆ ಕತ್ತಲಲ್ಲಿ ರುಚಿ ನೋಡುವ ಜೀವಿಯಾದ್ದರಿಂದ ಅದಕ್ಕೆ ಹನ್ನೊಂದು ವರ್ಷದ ಹಿಂದಿನ ಪಾಯಸವೂ ಇವತ್ತಿನ ಎಲೆಯಲ್ಲಿ ಬಡಿಸಿದಂತೆಯೇ. ಒಮ್ಮೆ ಉಟ್ಟು, ಗಾಳಿಗೆ ಹಾಕಿ, “ಒಂದೇ ಸಲ ಉಟ್ಟಿದ್ದಲ್ಲವೇ” ಎಂದು ಹಾಗೆಯೇ ಒಳಗಿಡುವ ಮಿತವ್ಯಯವೇ ಬೀರುವಿನ ಅತ್ಯಂತ ದುಬಾರಿ ಅಭ್ಯಾಸವೆಂದು ಇದರಿಂದ ಸಿದ್ಧವಾಗುತ್ತದೆ.

ನಿವಾರಣೆಯ ಪ್ರಕರಣದಲ್ಲಿ ಮೊದಲ ತಾಂಬೂಲ ಸಲ್ಲುವುದು ಬಿಳಿಯ ಗುಳಿಗೆಗೆ. ಅದನ್ನು ‘ನುಸಿಗುಳಿಗೆ’ ಎನ್ನುವವರು ಅದರ ಉದ್ಯೋಗವನ್ನು ಹೇಳಿದರೆ, ‘ಡಾಂಬರು ಗುಳಿಗೆ’ ಎನ್ನುವವರು ಅದರ ಕುಲವನ್ನು ಹೇಳುತ್ತಾರೆ. ಅದರೊಳಗಿನ ನ್ಯಾಫ್ತಲೀನ್ ಎಂಬ ವಸ್ತುವನ್ನು ಕಲ್ಲಿದ್ದಲಿನ ಡಾಂಬರಿನಿಂದಲೇ ತೆಗೆಯುತ್ತಿದ್ದರೆಂಬ ರಸಾಯನಶಾಸ್ತ್ರವನ್ನು ಕಿರಾಣಿ ಅಂಗಡಿಯ ಕನ್ನಡವು ಇಂದಿಗೂ ಕಾಪಾಡಿಕೊಂಡು ಬಂದಿದೆ. ಕರಗದೆಯೇ ಘನದಿಂದ ನೇರವಾಗಿ ಆವಿಯಾಗುವ ಗುಣಕ್ಕೆ ಉತ್ಪತನವೆಂದು ಹೆಸರು. ಗುಳಿಗೆ ದಿನೇದಿನೇ ಸವೆಯುವುದು ಈ ಗುಣದಿಂದ. ಆದರೆ ಆ ಆವಿ ಹುಳುವನ್ನು ಕೊಲ್ಲಬೇಕಾದರೆ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಗಾಢವಾಗಿ ನಿಲ್ಲಬೇಕು, ಮತ್ತು ಅದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಭಾರವಾಗಿದ್ದು ಕೆಳಕ್ಕೆ ಇಳಿಯುವುದರಿಂದ ಗುಳಿಗೆಯನ್ನು ಬಟ್ಟೆಯ ಮೇಲ್ಭಾಗದಲ್ಲಿ, ಜರಿಗೆ ತಾಗದಂತೆ ಸಣ್ಣ ಚೀಲದಲ್ಲಿ ಕಟ್ಟಿ ಇಡಬೇಕು. ಬಾಗಿಲು ಸರಿಯಾಗಿ ಕೂರದ ಬೀರುವಿನ ತಳದಲ್ಲಿ ಎಸೆದ ಗುಳಿಗೆಯಿಂದ ಹುಳುವಿಗೆ ತಲೆನೋವೂ ಬರುವುದಿಲ್ಲ. ಬರುವುದೇನಿದ್ದರೂ ಮುಹೂರ್ತದ ದಿನ ಅಕ್ಕಪಕ್ಕದ ಕುರ್ಚಿಯವರಿಗೆ. ಹೋಟೆಲುಗಳ ಕೈತೊಳೆಯುವ ಬೋಗುಣಿಯಲ್ಲಿಯೂ ಇದೇ ಗುಳಿಗೆಗಳು ವಿರಾಜಮಾನವಾಗಿರುವುದರಿಂದ, ಧಾರೆಯ ಮಂಟಪದಲ್ಲಿ ಮಲ್ಲಿಗೆಯ ಪರಿಮಳವನ್ನು ಮೀರಿ ರೇಷ್ಮೆಯಿಂದ ಹೊಮ್ಮುವ ವಾಸನೆ ಅನೇಕರಿಗೆ ದೋಸೆಯನ್ನು ನೆನಪಿಗೆ ತರುತ್ತದೆ.

ಈ ಗುಳಿಗೆಯ ವಿಷಯದಲ್ಲಿ ಹಾಸ್ಯಕ್ಕೆ ಎಡೆಯಿಲ್ಲದ ಒಂದು ಮಾತೂ ಇದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ನವಜಾತ ಶಿಶುಗಳಲ್ಲಿ ಇದು ತೀವ್ರವಾದ ಕಾಮಾಲೆಗೆ ಎಡೆಮಾಡಿಕೊಡಬಹುದು. ಚೊಚ್ಚಲ ಮಗುವಿನ ಕುಲಾವಿ, ಸ್ವೆಟರ್, ಹೊದಿಕೆಗಳನ್ನು ಗುಳಿಗೆ ಹಾಕಿ ಜೋಪಾನ ಮಾಡಿ, ಎರಡನೆಯ ಬಾಣಂತನಕ್ಕೆ ಪೆಟ್ಟಿಗೆಯಿಂದ ತೆಗೆದವುಗಳನ್ನು ಹಾಗೆಯೇ ತೊಡಿಸುವ ವಾಡಿಕೆಯನ್ನು ಈ ಕಾರಣದಿಂದ ಕೈಬಿಡಬೇಕು; ಮಗುವಿನ ಬಟ್ಟೆಗೆ ಗುಳಿಗೆಯನ್ನೇ ಹಾಕದಿರುವುದು ಎಲ್ಲಕ್ಕಿಂತ ಮೇಲು. ಪೆಪ್ಪರ್‌ಮಿಂಟಿನಂತೆ ಕಾಣುವ ಈ ವಸ್ತು ಅಂಬೆಗಾಲಿಡುವ ಮಕ್ಕಳ ಕೈಗೆ ಸಿಗಲೇಬಾರದು.

ಗುಳಿಗೆಯ ಘಾಟು ಒಲ್ಲದವರು ಬೇವಿನೆಲೆ, ಬಜೆ, ಲಾವಂಚ, ಲವಂಗಗಳ ಮೊರೆಹೋಗುತ್ತಾರೆ. ಇವುಗಳ ಪರಿಮಳ ಮೊಟ್ಟೆಯಿಡಲು ಜಾಗ ನೋಡುತ್ತಿರುವ ಪತಂಗಕ್ಕೆ ಒಂದಿಷ್ಟು ಅಹಿತವಾಗಬಹುದಾದರೂ, ಒಳಗಾಗಲೇ ಸಂಸಾರ ಹೂಡಿ ಮನೆ ಬಾಡಿಗೆ ಕೊಡದೆ ಕೂತಿರುವ ಮರಿಯನ್ನು ಎಬ್ಬಿಸುವ ಶಕ್ತಿ ಅವುಗಳಿಗಿಲ್ಲ. ಎಣ್ಣೆಯಂಶ ಆರಿದ ಮೇಲೆ ಉಳಿಯುವುದು ಬರೀ ಕಸ. ಇನ್ನೊಂದು ತುದಿಯಲ್ಲಿ ವಿಜ್ಞಾನದ ಉಗ್ರೋಪಾಯಗಳಿವೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಗೈಗಿ ಕಂಪನಿಯು ಉಣ್ಣೆಗೆ ನುಸಿ ಹಿಡಿಯದಂತೆ ಮಾಡುವ ರಾಸಾಯನಿಕಗಳನ್ನು ಹುಡುಕುತ್ತಿದ್ದ ಕಾಲದಲ್ಲಿ, ಅಲ್ಲಿಯ ಪಾಲ್ ಮುಲ್ಲರ್ 1939ರಲ್ಲಿ ಡಿಡಿಟಿಯ ಕೀಟನಾಶಕ ಗುಣವನ್ನು ಕಂಡುಹಿಡಿದು 1948ರಲ್ಲಿ ನೊಬೆಲ್ ಪ್ರಶಸ್ತಿ ಪಡೆದನು. ಸ್ವೆಟರಿನ ತೂತಿನ ಚಿಂತೆಯಲ್ಲಿದ್ದ ಕಂಪನಿಯಿಂದ ಹೊರಟ ಆ ಪುಡಿ ಮಲೇರಿಯಾದ ಸೊಳ್ಳೆಗಳನ್ನು ಕೊಂದು, ಹದ್ದುಗಳ ಮೊಟ್ಟೆಯ ಚಿಪ್ಪನ್ನು ತೆಳುವಾಗಿಸಿ, ಕಡೆಗೆ ದೇಶದೇಶಗಳಲ್ಲಿ ನಿರ್ಬಂಧಕ್ಕೆ ಒಳಗಾಯಿತು. ನುಸಿಯಾದರೋ ಇದೆಲ್ಲ ತನಗೆ ಸಂಬಂಧಿಸಿದ್ದೇ ಅಲ್ಲವೆಂಬಂತೆ ಸ್ವೆಟರಿನಲ್ಲಿಯೇ ಮುಂದುವರಿದಿದೆ.

ಫಲ ಕೊಡುವ ಉಪಾಯಗಳು ಯಾವ ಪ್ರಶಸ್ತಿಗೂ ಅರ್ಹವಲ್ಲದಷ್ಟು ಸಾಮಾನ್ಯವಾದವು. ಮಳೆ ಹಿಂದೆ ಸರಿದು ದಸರೆಯ ಬಿಸಿಲು ಬಿದ್ದಾಗ ಪೆಟ್ಟಿಗೆಗಳನ್ನೆಲ್ಲ ಕೆಳಗಿಳಿಸಿ, ಕಂಬಳಿ ಸ್ವೆಟರುಗಳನ್ನು ಮಹಡಿಯ ಮೇಲೆ ಬಿಸಿಲಿಗೆ ಹರವಿ, ಬ್ರಷ್ಷಿನಿಂದ ಹೊಲಿಗೆ, ಕಾಲರು, ಜೇಬಿನ ಮೂಲೆಗಳನ್ನು ಉಜ್ಜಬೇಕು. ಪತಂಗದ ಮೊಟ್ಟೆಗಳು ಬಟ್ಟೆಗೆ ಸಡಿಲವಾಗಿ ಅಂಟಿರುವುದರಿಂದ ಉದುರುತ್ತವೆ, ಮರಿಗಳು ಬೆಳಕಿಗೆ ಹೆದರಿ ಜಾಗ ಖಾಲಿ ಮಾಡುತ್ತವೆ. ರೇಷ್ಮೆಗೆ ನೇರ ಬಿಸಿಲು ಬಣ್ಣಕ್ಕೂ ನೂಲಿಗೂ ಕೆಡುಕಾದ್ದರಿಂದ ಅದನ್ನು ನೆರಳಲ್ಲಿ ಗಾಳಿಯಾಡಿಸಿ, ಹಳೆಯ ಗೆರೆ ತಪ್ಪಿಸಿ ಬೇರೆ ಮಡಿಕೆ ಹಾಕಿ, ಒಗೆದು ಒಗೆದು ಮೆತ್ತಗಾದ ಬಿಳಿ ಪಂಚೆಯಲ್ಲಿ ಸುತ್ತಿಡುವ ಅಜ್ಜಿಯಂದಿರ ಕ್ರಮಕ್ಕೆ ಇಂದಿಗೂ ಪರ್ಯಾಯವಿಲ್ಲ. ಬೀರುವಿನ ಸಂದು, ಮಂಚದಡಿ, ರತ್ನಗಂಬಳಿಯ ಅಂಚುಗಳಲ್ಲಿ ಸೇರಿದ ಕೂದಲು ಧೂಳನ್ನು ತೆಗೆಯಬೇಕು, ಗಂಜಿ ಹಾಕಿದ ಸೀರೆಯನ್ನು ದೀರ್ಘಕಾಲ ಇಡುವುದಾದರೆ ಗಂಜಿ ತೊಳೆದು ಇಡಬೇಕು. ಹುಳು ಹಿಡಿದೇಬಿಟ್ಟ ಉಣ್ಣೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೊರಡಿಸಿ ಕಟ್ಟಿ, ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರವಿಟ್ಟರೆ ಮೊಟ್ಟೆ ಮರಿಗಳು ಸಾಯುತ್ತವೆ; ಹೊರತೆಗೆದ ಮೇಲೆ ಚೀಲವನ್ನು ಬೆಚ್ಚಗಾಗುವವರೆಗೆ ಬಿಚ್ಚಬಾರದು. ಹಸಿಬಟಾಣಿ, ತೆಂಗಿನತುರಿ, ಐಸ್‌ಕ್ರೀಮುಗಳ ನಡುವೆ ಮಾವನವರ ಮಫ್ಲರ್ ಮಲಗಿರುವುದನ್ನು ಕಂಡ ನೆಂಟರಿಗೆ ಇದನ್ನು ವಿವರಿಸುವುದೊಂದೇ ಈ ವಿಧಾನದ ತೊಡಕು.

ಇವೆಲ್ಲಕ್ಕಿಂತ ಅಗ್ಗವಾದ ಉಪಾಯವನ್ನು ಮಾತ್ರ ಯಾರೂ ಬೇಗನೆ ಒಪ್ಪುವುದಿಲ್ಲ. ಅದು ಬಟ್ಟೆಯನ್ನು ಉಡುವುದು. ಮೇಲೆ ಹೇಳಿದ ನೇರಳೆ ಸೀರೆಯ ವಿಷಯದಲ್ಲಿ ಆ ಜ್ಞಾನೋದಯವಾಗುವ ಹೊತ್ತಿಗೆ ಐದು ತೂತು ಬಿದ್ದಾಗಿದ್ದರಿಂದ, ಅತ್ತೆಯವರ ಸಲಹೆಯಂತೆ ಅದು ದರ್ಜಿಯ ಕೈಸೇರಿತು. ದರ್ಜಿಯು ತೂತುಗಳನ್ನು ತಪ್ಪಿಸಿ ಕತ್ತರಿ ಆಡಿಸಿ, ಜರಿಯ ಅಂಚನ್ನು ಹಾಗೆಯೇ ಉಳಿಸಿಕೊಂಡು, ಏಳು ವರ್ಷದ ಮೊಮ್ಮಗಳಿಗೆ ಒಂದು ಲಂಗವನ್ನೂ ಒಂದು ರವಿಕೆಯನ್ನೂ ಹೊಲಿದುಕೊಟ್ಟನು. ಬೆಳೆಯುವ ಮಗುವೆಂದು ಒಳಹೊಲಿಗೆಯಲ್ಲಿ ಎರಡಂಗುಲ ಹೆಚ್ಚಿಗೆ ಬಿಟ್ಟಿದ್ದನು. ಹನ್ನೊಂದು ವರ್ಷದಲ್ಲಿ ಒಮ್ಮೆ ಮಾತ್ರ ಹೊರಬಂದಿದ್ದ ರೇಷ್ಮೆ ಆ ಒಂದೇ ವರ್ಷದಲ್ಲಿ ಗೌರಿಹಬ್ಬ, ಶಾಲೆಯ ನೃತ್ಯ, ಎರಡು ಮದುವೆ, ಮೂರು ಹುಟ್ಟುಹಬ್ಬಗಳನ್ನು ನೋಡಿತು, ಸೀಬೆಮರವನ್ನೂ ಹತ್ತಿತು. ಯಾವ ಹುಳುವೂ ಅದರ ಹತ್ತಿರ ಸುಳಿಯಲಿಲ್ಲ. ಎರಡನೆಯ ಮದುವೆಯ ಪಂಕ್ತಿಯಲ್ಲಿ ಲಂಗದ ಮೇಲೆ ಪಾಯಸ ಬಿದ್ದಾಗ, ಪಕ್ಕದ ಎಲೆಯವರೊಬ್ಬರು ಒದ್ದೆ ಕರವಸ್ತ್ರ ಹಿಡಿದು “ಕಾಣೋದಿಲ್ಲ ಬಿಡಿ” ಎಂದು ಮುಂದೆ ಬಾಗಿದರು. ಅತ್ತೆಯವರು ಅವರ ಕೈಯನ್ನು ಅರ್ಧದಲ್ಲೇ ತಡೆದು, ಊಟವನ್ನು ಬಿಟ್ಟು, ಮೊಮ್ಮಗಳನ್ನು ನಲ್ಲಿಯ ಬಳಿಗೆ ಕರೆದೊಯ್ದರು.